ಮಂಜೇಶ್ವರ ತಲುಪದ ಯಾತ್ರೆ

ಕರಾವಳಿಯ ಮಳೆಯನ್ನು ಜಗಲಿಯಲ್ಲಿ ಕುಳಿತು ನೋಡುವುದು ಬೇರೆ, ಅದರೊಳಗೆ ಹೊಕ್ಕು ಸಾಗುವುದು ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಆಟಿ ತಿಂಗಳು ನಮ್ಮ ಹಿರಿಯರಿಗೆ ಸಂಚಾರದ ಕಾಲವಾಗಿರಲೇ ಇಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮೌನವಾಗಿರುತ್ತಿದ್ದವು, ಮದುವೆ ಮುಂಜಿಗಳಿರಲಿಲ್ಲ, ಪಾಲೆಯ ಕೆತ್ತೆಯ ಕಷಾಯ ಕುಡಿದು ಮನೆಯಲ್ಲಿರುವುದೇ ಆ ತಿಂಗಳ ಧರ್ಮವಾಗಿತ್ತು. ಅಂಥ ತಿಂಗಳಲ್ಲಿ ಹನ್ನೊಂದು ಮಂದಿ ಸೈಕಲ್ ಏರಿ ಹೊರಟೆವೆಂದರೆ ಓದುಗರು ನಕ್ಕಾರು. ನಗಲಿ, ಆದರೆ ಕಥೆಯನ್ನು ಪೂರ್ತಿ ಕೇಳಿದ ಮೇಲೆ ನಗಲಿ.

ನಮ್ಮ ಊರಿನ ಸೈಕಲ್ ಬಳಗದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಮನೆಮಾತಿನವರೆಲ್ಲ ಇದ್ದಾರೆ. ಸಪ್ತಭಾಷೆಗಳ ಸಂಗಮಭೂಮಿಯೆಂದು ವೇದಿಕೆಗಳಲ್ಲಿ ಹೇಳುವ ಮಾತು ಇಲ್ಲಿ ಭಾನುವಾರದ ಬೆಳಗಿನ ಹರಟೆಯಲ್ಲಿಯೇ ಕೇಳಿಸುತ್ತದೆ. ಅವರಲ್ಲಿ ಅತ್ಯಂತ ಹಿರಿಯನು ನಾನು, ನಿವೃತ್ತ ಅಧ್ಯಾಪಕ, ವಯಸ್ಸು ಅರುವತ್ತಮೂರು. ಅತ್ಯಂತ ಕಿರಿಯಳು ಪ್ಲಸ್ ಟು ಓದುತ್ತಿದ್ದ ಒಬ್ಬ ಹುಡುಗಿ. 2024ರ ಆಟಿ ತಿಂಗಳ ಮೊದಲ ಭಾನುವಾರ ಕಾಸರಗೋಡಿನಿಂದ ಮಂಜೇಶ್ವರಕ್ಕೆ, ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್, ಹೋಗಿಬರುವುದೆಂದು ನಿಶ್ಚಯವಾಯಿತು. ಮಂಜೇಶ್ವರವೇ ಏಕೆಂದರೆ, ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಾದ ‘ಗಿಳಿವಿಂಡು’ವನ್ನು ಆ ಹುಡುಗಿ ನೋಡಿರಲಿಲ್ಲ. 1911ರಲ್ಲಿಯೇ ಆದಿಪ್ರಾಸದ ಕಟ್ಟನ್ನು ಕಳಚಿ ಕನ್ನಡ ಕವಿತೆಗೆ ಹೊಸ ನಡೆ ಕಲಿಸಿದ ಕವಿಯ ಅಂಗಳ ತನ್ನ ಊರಿನಿಂದ ಇಷ್ಟು ಹತ್ತಿರವಿದ್ದೂ ಕಂಡಿಲ್ಲವೆಂಬ ಕೊರಗು ಅವಳದು.

ಹಿಂದಿನ ಸಂಜೆ ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಬಂದಿತ್ತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯಾಗಬಹುದೆಂಬುದು ಅದರ ಅರ್ಥ. ಬಳಗದ ನಾಯಕನಾದ ಬ್ಯಾಂಕ್ ಉದ್ಯೋಗಿ ಎಲ್ಲರನ್ನೂ ಸೇರಿಸಿ ಮಳೆಯ ಸವಾರಿಯ ನಿಯಮಗಳನ್ನು ಹೇಳಿದ. ಒಣರಸ್ತೆಯಲ್ಲಿ ಇಬ್ಬರ ನಡುವೆ ಬಿಡುವ ಅಂತರವನ್ನು ಮಳೆಯಲ್ಲಿ ಇಮ್ಮಡಿಗೂ ಹೆಚ್ಚು ಮಾಡಬೇಕು. ಟಯರಿನ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಹಿಡಿತ ಹೆಚ್ಚು. ರಸ್ತೆಯ ಬಿಳಿಯ ಗೆರೆ, ಕಬ್ಬಿಣದ ಮುಚ್ಚಳ, ಕೊಳೆತ ಎಲೆ ಇವು ಜಾರುತ್ತವೆ. ನೀರು ನಿಂತಲ್ಲಿ ಹೊಂಡವಿದೆಯೆಂದೇ ತಿಳಿಯಬೇಕು. ಮುಂದಿನವನು ಕೈಯೆತ್ತಿದರೆ ಆ ಸನ್ನೆ ಕೊನೆಯವನವರೆಗೂ ಮುಟ್ಟಬೇಕು. ಗುಂಪಿನಲ್ಲಿ ಗಾಳಿಯನ್ನು ಮುಂದಿನವನು ಸೀಳುವುದರಿಂದ ಹಿಂದಿನವನಿಗೆ ಶ್ರಮ ಎಷ್ಟೋ ಕಡಿಮೆ. ಆದರೆ ಆ ಉಪಕಾರಕ್ಕೆ ಪ್ರತಿಯಾಗಿ ಹಿಂದಿನವನು ಮುಂದಿನವನ ಬೆನ್ನಿಗೆ ಅಪಾಯ ತರಬಾರದು.

ಕೊನೆಗೆ ಆತ ಕೇಳಿದ: “ಎಲ್ಲರೂ ಬ್ರೇಕ್ ನೋಡಿದ್ದೀರಲ್ಲಾ?”

ನನ್ನ ಹಿಂದಿನ ಚಕ್ರದ ಬ್ರೇಕಿನ ರಬ್ಬರು ಸವೆದು ತೆಳ್ಳಗಾಗಿತ್ತು. ಅದು ನನಗೆ ತಿಳಿದಿತ್ತು. ಆದರೆ ಅಂಗಡಿ ಮುಚ್ಚಿತ್ತು. ಹೇಳಿದರೆ “ಮಾಷ್ಟ್ರು ಮನೆಯಲ್ಲಿರಲಿ” ಎಂದಾರೆಂಬ ಅಳುಕು ಬೇರೆ. “ನೋಡಿದ್ದೇನೆ” ಎಂದೆ. ನೋಡಿದ್ದೆನೆಂಬುದು ಸುಳ್ಳಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವನಿಗೆ ಇಂಥ ಜಾಣತನ ಎಷ್ಟು ಸುಲಭವಾಗಿ ಬರುತ್ತದೆ!

ಬೆಳಿಗ್ಗೆ ಆರಕ್ಕೆ ಹೊರಟಾಗ ತುಂತುರು ಮಾತ್ರವಿತ್ತು. ಹೆದ್ದಾರಿಯ ಅಗಲೀಕರಣ ಆಗಿನ್ನೂ ಮುಗಿದಿರಲಿಲ್ಲ. ಅಗೆದ ಬದಿಗಳಿಂದ ಮುರಕಲ್ಲಿನ ಕೆಂಪು ಕೆಸರು ರಸ್ತೆಗೆ ಹರಿಯುತ್ತಿತ್ತು. ಮೊಗ್ರಾಲ್ ದಾಟುವ ಹೊತ್ತಿಗೆ ಪಡುವಣದ ಕಡಲ ಮೇಲೆ ಮೋಡ ಕಪ್ಪಾಗಿ ಮಳೆ ಅಡ್ಡಡ್ಡಲಾಗಿ ಹೊಡೆಯತೊಡಗಿತು. ತೆಂಗಿನ ಗರಿಗಳ ಸದ್ದು, ಲಾರಿಗಳು ಎರಚುವ ನೀರು, ಇವುಗಳ ನಡುವೆ ಮುಂದಿನವರ ಕೆಂಪು ದೀಪವೇ ದಾರಿ. ಆದರೂ ಮನಸ್ಸಿನಲ್ಲಿ ಹರ್ಷವಿತ್ತು. ಹುಡುಗನಾಗಿದ್ದಾಗ ಇದೇ ರಸ್ತೆಯಲ್ಲಿ ಬಾಡಿಗೆಯ ಸೈಕಲ್ ತುಳಿದ ನೆನಪು ಮರಳಿತು.

ಕುಂಬಳೆಯಲ್ಲಿ ಒಂದು ಮಾಡಿನ ಅಡಿಯಲ್ಲಿ ನಿಂತೆವು. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬನ ಊರು ಇದೆಂದು ಹುಡುಗಿಗೆ ಹೇಳಿದೆ. ಇಲ್ಲಿಂದ ಒಳನಾಡಿನ ಕಡೆ ಸ್ವಲ್ಪ ದೂರ ಹೋದರೆ ಅನಂತಪುರದ ಸರೋವರ ಕ್ಷೇತ್ರ. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಾಡೇ ಶೋಕಿಸಿದ್ದನ್ನು ಅವಳೇ ನೆನಪಿಸಿದಳು. ಮಾತಿನ ಭರದಲ್ಲಿ ಬ್ರೇಕಿನ ಯೋಚನೆ ಮರೆಯಿತು; ಅಥವಾ ಮರೆತೆನೆಂದು ನಟಿಸಿದೆ.

ಕುಂಬಳೆ ದಾಟಿ ಹೊಳೆಯ ಸೇತುವೆಯತ್ತ ರಸ್ತೆ ಇಳಿಯುತ್ತದೆ. ಆಚೆ ಆರಿಕ್ಕಾಡಿ, ಅದರ ಹಳೆಯ ಕೋಟೆ. ಶಿರಿಯಾ ಹೊಳೆಯ ಅಳಿವೆಯಲ್ಲಿ ನೀರು ಕೆಂಪಾಗಿ ಉಬ್ಬಿ ನಿಂತಿತ್ತು. ಆ ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ಥಟ್ಟನೆ ನಿಂತಿತು. ನಾಯಕನ ಕೈ ಮೇಲೆದ್ದಿತು. ಒಬ್ಬೊಬ್ಬರ ಕೈಯೂ ಎದ್ದಿತು. ನಾನು ಬ್ರೇಕ್ ಹಿಡಿದೆ. ಒದ್ದೆಯಾದ ಚಕ್ರದ ಅಂಚಿನಿಂದ ನೀರನ್ನು ಒರೆಸುವುದಕ್ಕೇ ಒಳ್ಳೆಯ ರಬ್ಬರಿಗೂ ಒಂದೆರಡು ಸುತ್ತು ಬೇಕು. ಸವೆದ ರಬ್ಬರಿಗೆ ಆ ಶಕ್ತಿಯೆಲ್ಲಿ? ನನ್ನ ಮುಂದೆಯೇ ಆ ಹುಡುಗಿ. ಎಡಕ್ಕೆ ತಿರುಗಿಸಿದೆ. ನನ್ನ ಚಕ್ರ ಅವಳ ಚಕ್ರಕ್ಕೆ ತಾಗಿತು. ನಾನು ಬದಿಯ ಕೆಸರಿಗೆ ಉರುಳಿದೆ. ಅವಳು ರಸ್ತೆಯ ಮೇಲೆ ಮೊಣಕಾಲೂರಿ ಬಿದ್ದಳು. ಹಿಂದಿನಿಂದ ಬರುತ್ತಿದ್ದ ಲಾರಿ ಹತ್ತು ಮಾರು ದೂರದಲ್ಲಿ ನಿಂತಿತು. ಆ ಹತ್ತು ಮಾರನ್ನು ನಾನು ಇಂದಿಗೂ ಅಳೆಯುತ್ತಿದ್ದೇನೆ.

ಹುಡುಗಿಯೇ ಮೊದಲು ಎದ್ದು ಬಂದಳು. “ಎಂತ ಆಯ್ತು ಮಾಷ್ಟ್ರೇ? ಪೆಟ್ಟಾಯ್ತಾ?” ಎಂದು ಕೇಳಿದಳು. ಅವಳ ಮೊಣಕಾಲಿನಿಂದ ರಕ್ತ ಮಳೆಯ ನೀರಿನೊಡನೆ ಇಳಿಯುತ್ತಿತ್ತು.

ರಸ್ತೆಯ ಬದಿಯ ಮನೆಯೊಂದರಿಂದ ವೃದ್ಧೆಯೊಬ್ಬರು ಕೊಡೆ ಹಿಡಿದು ಓಡಿಬಂದು ಎಲ್ಲರನ್ನೂ ಒಳಗೆ ಕರೆದರು. ನಮ್ಮಲ್ಲಿ ಕೆಲವರು ಆಕೆಯನ್ನು ‘ಉಮ್ಮಾ’ ಎಂದರು, ಕೆಲವರು ‘ಅಮ್ಮಾ’ ಎಂದರು. ಆಕೆ ಎರಡಕ್ಕೂ ಓಗೊಟ್ಟರು. ಗಾಯ ತೊಳೆಯಲು ಬಿಸಿನೀರು, ಒರೆಸಿಕೊಳ್ಳಲು ಬೈರಾಸು, ಹಾಲು ಹಾಕದ ಬಿಸಿ ಚಹಾ ಕೊಟ್ಟರು. ಅಪರಿಚಿತರ ಕೆಸರುಗಾಲುಗಳಿಂದ ಜಗಲಿ ಕೆಂಪಾದುದನ್ನು ಅವರು ಗಮನಿಸಿದಂತೆಯೇ ತೋರಲಿಲ್ಲ.

ನಾಯಕ ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿದ. ಏನೂ ಹೇಳಲಿಲ್ಲ. ಗದರಿದ್ದರೆ ಹಗುರವಾಗುತ್ತಿತ್ತೇನೋ. ಆ ಮೌನವನ್ನು ತಾಳಲಾರದೆ ನಾನೇ ಎಲ್ಲರೆದುರು ಹೇಳಿದೆ: “ನಿನ್ನೆಯೇ ಗೊತ್ತಿತ್ತು. ಹೇಳಲಿಲ್ಲ. ತಪ್ಪು ನನ್ನದು.”

ಸ್ವಲ್ಪ ಹೊತ್ತಿನ ಮೇಲೆ ಆತ, “ಇನ್ನು ಮುಂದೆ ಹೋಗುವುದು ಬೇಡ. ಎಲ್ಲರೂ ಒಟ್ಟಿಗೆ ಹಿಂದೆ ಹೋಗುವ” ಎಂದ. ಮಂಜೇಶ್ವರಕ್ಕೆ ಉಳಿದದ್ದು ಒಂದು ಗಂಟೆಯ ದಾರಿ. ಹುಡುಗಿಯ ಮುಖ ಸಣ್ಣದಾಯಿತು, ಆದರೆ ಅವಳು ಮಾತಾಡಲಿಲ್ಲ. ನನ್ನನ್ನು ಬಿಟ್ಟು ಅವರು ಮುಂದುವರಿಯಬಹುದಿತ್ತು. ಯಾರೂ ಆ ಮಾತೆತ್ತಲಿಲ್ಲ. ನನ್ನ ಸೈಕಲ್ಲನ್ನೂ ಅವಳ ಸೈಕಲ್ಲನ್ನೂ ಗೂಡ್ಸ್ ರಿಕ್ಷಾಕ್ಕೆ ಏರಿಸಿ, ಚಾಲಕನ ಪಕ್ಕದಲ್ಲಿ ನಾವಿಬ್ಬರೂ ಕುಳಿತೆವು. ಮುಂದೆ ಒಂಬತ್ತು ಕೆಂಪು ದೀಪಗಳು ಮಳೆಯಲ್ಲಿ ಸಾಲಾಗಿ ಸಾಗಿದವು.

ಅದೇ ತಿಂಗಳು 30ರಂದು ವಯನಾಡಿನ ಮುಂಡಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು ನೂರಾರು ಮಂದಿ ಮಡಿದರು. ಆ ಮಹಾದುಃಖದೆದುರು ನಮ್ಮ ಗೀರುಗಾಯ ಏನೂ ಅಲ್ಲ. ಆದರೂ ಮಳೆ ಆಟದ ಸಂಗಾತಿಯಲ್ಲವೆಂಬ ಮಾತು ಅಂದಿನಿಂದ ನಮ್ಮ ಬಳಗದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಡಿಸೆಂಬರಿನ ಒಂದು ತಿಳಿಯಾದ ಬೆಳಿಗ್ಗೆ ಮತ್ತೆ ಹೊರಟೆವು. ಆರಿಕ್ಕಾಡಿಯಲ್ಲಿ ಇಳಿದು ಆ ತಾಯಿಗೆ ಒಂದು ಗೊನೆ ಕದಳಿ ಬಾಳೆಹಣ್ಣು ಕೊಟ್ಟೆವು. ಉಪ್ಪಳ, ಹೊಸಂಗಡಿ ಕಳೆದು ಗಿಳಿವಿಂಡಿನ ಅಂಗಳ ಸೇರಿದಾಗ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಒಳಗೆ ಹೋಗುವ ಮುನ್ನ ಹಿಂದಿರುಗಿ ನನಗಾಗಿ ಕಾದು ನಿಂತಳು.

ಈಗ ನಮ್ಮ ಬಳಗದಲ್ಲಿ ಒಂದು ಹೊಸ ಪದ್ಧತಿಯಿದೆ. ಹೊರಡುವ ಮುನ್ನ ಯಾರೂ ತಮ್ಮ ಬ್ರೇಕನ್ನು ತಾವೇ ನೋಡಿ ಸರಿಯಿದೆಯೆನ್ನುವಂತಿಲ್ಲ. ಒಬ್ಬರದನ್ನು ಇನ್ನೊಬ್ಬರು ನೋಡಬೇಕು. ನನ್ನದನ್ನು ಆ ಹುಡುಗಿ ನೋಡುತ್ತಾಳೆ. ಎರಡು ಸಲ ಹಿಡಿದು, ಚಕ್ರ ತಿರುಗಿಸಿ, “ಆಯ್ತು ಮಾಷ್ಟ್ರೇ, ಹೋಗುವ” ಎಂದ ಮೇಲೆಯೇ ನಾನು ಸೈಕಲ್ ಏರುವುದು.