ಕಂಬ ನಿಂತಿದ್ದ ಜಾಗ

ಪಿಎಚ್‌ಡಿಗೆಂದು ಓದುವಾಗ ಕೆಲವು ಪುಸ್ತಕಗಳು ನಮ್ಮ ವಿಷಯದ್ದಲ್ಲದಿದ್ದರೂ ಮೇಜಿನ ಮೇಲೆ ಉಳಿದುಬಿಡುತ್ತವೆ. ಫಿಲಿಪ್ ರಾಟ್ಜ್ 1979ರಲ್ಲಿ ಪ್ರಕಟಿಸಿದ ಚೆಡ್ಡರ್ ಉತ್ಖನನದ ವರದಿ ನನಗೆ ಹಾಗೆ ಅಂಟಿಕೊಂಡಿತು. ಚೆಡ್ಡರ್ ಎಂದರೆ ನಮಗೆ ಚೀಸ್, ಅಷ್ಟೇ. ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಆ ಊರಿನಲ್ಲಿ ಶಾಲೆ ಕಟ್ಟುವ ಮುನ್ನ, 1960ರಿಂದ 62ರವರೆಗೆ ಅಗೆದಾಗ ಸ್ಯಾಕ್ಸನ್ ದೊರೆಗಳ ಅರಮನೆ ಸಿಕ್ಕಿತು. 941ರಲ್ಲಿ ಎಡ್ಮಂಡ್ ದೊರೆ ತನ್ನ ಸಭೆಯನ್ನು ಸೇರಿಸಿದ್ದು ಇಲ್ಲೇ.

ಅರಮನೆ ಸಿಕ್ಕಿತು ಎಂದೆ. ಸಿಕ್ಕಿದ್ದು ಹೆಚ್ಚಾಗಿ ಮಣ್ಣಿನ ಬಣ್ಣ. ನೆಲದಲ್ಲಿ ಹೂತ ಮರದ ಕಂಬ ಕೊಳೆತು ಹೋದರೆ ಆ ಕುಳಿಯಲ್ಲಿ ಬೇರೆ ಮಣ್ಣು ತುಂಬಿಕೊಳ್ಳುತ್ತದೆ. ಮೇಲ್ಪದರವನ್ನು ಕರಣೆಯಿಂದ ಹೆರೆದಾಗ ಸುತ್ತಲಿನ ನೆಲಕ್ಕಿಂತ ಕಪ್ಪಾದ ಕಲೆಗಳು ಕಾಣುತ್ತವೆ. ಅವನ್ನು ಸಾಲು ಹಿಡಿದು ಜೋಡಿಸಿದರೆ ಒಂಬತ್ತನೇ ಶತಮಾನದ, ಸುಮಾರು 24 ಮೀಟರ್ ಉದ್ದದ ಹಜಾರ. ಈಗ ಶಾಲೆಯ ಆವರಣದಲ್ಲಿ ಅದರ ಆಕಾರವನ್ನು ಕಾಂಕ್ರೀಟಿನಿಂದ ಗುರುತು ಮಾಡಿದ್ದಾರೆ.

ನನ್ನನ್ನು ಕಾಡಿದ್ದು ಒಂದು ಸಣ್ಣ ಸಂಗತಿ: ಕುಳಿಯನ್ನು ಓದಬೇಕೆಂದರೆ ಅದರ ಮಣ್ಣನ್ನು ಹೊರತೆಗೆಯಬೇಕು. ಒಮ್ಮೆ ಓದಿದರೆ ಮುಗಿಯಿತು, ಇನ್ನೊಬ್ಬರಿಗೆ ಉಳಿಯುವುದು ವರದಿ ಮಾತ್ರ. ಅದಕ್ಕೇ ಅಲ್ಲಿನ 1979ರ ಸ್ಮಾರಕ ಕಾಯ್ದೆ ಇಂಥ ನೆಲವನ್ನು ಪಟ್ಟಿಗೆ ಸೇರಿಸಿ ಮುಟ್ಟಬೇಡಿ ಎನ್ನುತ್ತದೆ. ಜಮೀನಿನ ಮಾಲೀಕನೂ ಅನುಮತಿ ಕೇಳಬೇಕು. ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದೂ ಅಪರಾಧ. ಬರೀ ಹುಲ್ಲು ಕಾಣುವ ಜಾಗಕ್ಕೆ ಇಷ್ಟೊಂದು ಕಾವಲೇ ಎಂದು ಮೊದಲು ನಗು ಬಂದಿತ್ತು.

ಆ ನಗು ನಿಂತದ್ದು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ನೆನಪಾದಾಗ. ಮೂರು ವರ್ಷದ ಹಿಂದೆ ಅದನ್ನು ಬಿಚ್ಚಿ ಮರಮಟ್ಟು ಮಾರಿದರು. ಯಾರದೂ ತಪ್ಪೆನ್ನಲಾರೆ, ಸೋರುವ ಮನೆಯಲ್ಲಿ ವಯಸ್ಸಾದವರು ಎಷ್ಟು ದಿನ ಇದ್ದಾರು? ನಮ್ಮ ಕಂಬಗಳನ್ನು ಗೆದ್ದಲಿಗೆ ಹೆದರಿ ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಕಲ್ಲುಗಳೂ ಲಾರಿ ಹತ್ತಿದವು. ಹಾಗಾಗಿ ಅಲ್ಲಿ ರಾಟ್ಜ್ ಬಂದು ಹೆರೆದರೂ ಒಂದು ಕಲೆಯೂ ಕಾಣದು.

ಮೊನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿ, ಜಗಲಿಯ ಕಂಬಗಳ ನಡುವೆ ಎಷ್ಟು ಅಂತರವಿತ್ತು ಎಂದು ಕೇಳಿದೆ.

"ಎರಡು ಮಂಚ ಹಿಡೀತಿತ್ತು ಮಾರಾಯ್ತಿ, ಈಗ್ಯಾಕೆ ಅದು?" ಎಂದರು.

ಗ್ರಾಫ್ ಹಾಳೆಯಲ್ಲಿ ಬರೆದುಕೊಂಡೆ. ಮಂಚ ಎಷ್ಟುದ್ದವಿತ್ತು ಎಂದು ಇನ್ನೊಮ್ಮೆ ಕೇಳಬೇಕು.