ಮರುದಿನದ ಗಾಡಿ

2006ನೆಯ ಇಸವಿಯ ಜುಲೈ 11ರ ಸಂಜೆ ಮುಂಬಯಿಯ ಪಶ್ಚಿಮ ರೈಲ್ವೆಯ ಉಪನಗರ ಗಾಡಿಗಳಲ್ಲಿ, ಹನ್ನೊಂದು ನಿಮಿಷಗಳ ಅವಧಿಯೊಳಗೆ, ಏಳು ಬಾಂಬುಗಳು ಸಿಡಿದವು. ಎಲ್ಲವನ್ನೂ ಮೊದಲ ದರ್ಜೆಯ ಡಬ್ಬಿಗಳಲ್ಲಿಯೇ ಇರಿಸಲಾಗಿತ್ತು. ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ 180ಕ್ಕೂ ಹೆಚ್ಚು ಜನ ಅಸುನೀಗಿದರು. ಹಳಿಯ ಪಕ್ಕದ ಜೋಪಡಿಗಳವರು ತಾವು ಹೊದೆಯುವ ಚಾದರಗಳಲ್ಲಿಯೇ ಗಾಯಾಳುಗಳನ್ನು ಹೊತ್ತು ಸಾಗಿಸಿದರು. ಮರುದಿನ ಬೆಳಗ್ಗೆ ಗಾಡಿಗಳು ಮತ್ತೆ ಜನರಿಂದ ತುಂಬಿದವು.

ಆ ವರ್ಷದ ಶ್ರಾವಣದಲ್ಲಿ ಪ್ರವಚನಕ್ಕೆಂದು ನಾವು ಮುಂಬಯಿಗೆ ಹೋಗಿದ್ದೆವು. ಅಲ್ಲಿಯ ಜನರ ಧೈರ್ಯವನ್ನು ವೇದಿಕೆಯಿಂದ ಮುಕ್ತಕಂಠದಿಂದ ಕೊಂಡಾಡಿದೆವು. ಪತ್ರಿಕೆಗಳೂ ಆಗ ಅದನ್ನೇ ಬರೆಯುತ್ತಿದ್ದವು. ಸಭೆ ಮುಗಿದ ಮೇಲೆ ವಿಜಯಪುರದ ಕಡೆಯ ಭಕ್ತರೊಬ್ಬರು, ಅಲ್ಲಿಯ ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು, ಬಳಿ ಬಂದು ಕುಳಿತರು.

“ಅಪ್ಪಾರ, ಧೈರ್ಯ ಅಲ್ರೀ ಅದು. ಕೆಲಸಕ್ಕ ಹೋಗಲಿಲ್ಲಂದ್ರ ಪಗಾರ ಹಿಡೀತಾರ್ರೀ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು. ವರ್ಷಗಳಿಂದ ಒಂದೇ ಗಾಡಿ, ಒಂದೇ ಡಬ್ಬಿ, ಅದೇ ಏಳೆಂಟು ಜನರ ಗುಂಪು. ಅಂದು ಮೇಲಧಿಕಾರಿ ಹತ್ತು ನಿಮಿಷ ತಡೆದು ನಿಲ್ಲಿಸಿದ್ದರಿಂದ ಇವರಿಗೆ ಗಾಡಿ ತಪ್ಪಿತು. ಚರ್ಚ್‌ಗೇಟಿನಲ್ಲಿ ಕರವಸ್ತ್ರ ಹಾಸಿ ಇವರಿಗಾಗಿ ಜಾಗ ಹಿಡಿದಿದ್ದ ಗೆಳೆಯ ತಿರುಗಿ ಬರಲಿಲ್ಲ. ಈ ಮಾತನ್ನು ಅವರು ಒಂದು ತಿಂಗಳು ಹೆಂಡತಿಗೂ ಹೇಳಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿದ್ದಾಗ ಮನಶ್ಶಾಸ್ತ್ರದ ಗ್ರಂಥಗಳನ್ನು ನಾವೂ ಓದಿದ್ದೆವು. ಬದುಕುಳಿದವನನ್ನು ತಾನು ಬದುಕಿದ್ದೇ ತಪ್ಪೆಂಬ ಭಾವ ಕಾಡುತ್ತದೆಂದು ಅಲ್ಲಿ ಬರೆದಿತ್ತು. ಪರೀಕ್ಷೆಗೆ ಉಪಯೋಗಕ್ಕೆ ಬಂದ ಆ ತಿಳಿವಳಿಕೆ ವೇದಿಕೆಯ ಮೇಲೆ ನಮ್ಮ ನೆನಪಿಗೆ ಬಾರದೆ ಹೋಯಿತು. ಧೀರನೆಂದು ಹೊಗಳಿಸಿಕೊಂಡವನು ನಾಲ್ಕು ಜನರೆದುರು ಅಳುವುದಾದರೂ ಹೇಗೆ? ಊರಿಗೆ ಊರೇ ಎದ್ದು ನಿಂತಿತೆಂದು ನಾವು ಸಾರುತ್ತಿದ್ದಾಗ, ಗಾಡಿ ಗಕ್ಕನೆ ನಿಂತರೆ ಬೆವರುವ ಮನುಷ್ಯ ಅದೇ ಸಭೆಯಲ್ಲಿ ಕುಳಿತಿದ್ದರು.

ಅವರನ್ನು ಉಳಿಸಿದ್ದು ನಮ್ಮ ಪ್ರವಚನವಲ್ಲ. ಗುಂಪಿನಲ್ಲಿ ಉಳಿದವರು ಅದೇ ಗಾಡಿಯನ್ನು ಮತ್ತೆ ಹತ್ತತೊಡಗಿದ್ದರು. ಬಹಳ ದಿನ ಇಸ್ಪೀಟಿನ ಕಟ್ಟನ್ನು ಯಾರೂ ಹೊರತೆಗೆಯಲಿಲ್ಲವಂತೆ. ಒಂದು ಸಂಜೆ ಒಬ್ಬರು ಸತ್ತ ಗೆಳೆಯನ ಹೆಸರೆತ್ತಿದರು. ಬೋರಿವಲಿ ಬರುವವರೆಗೂ ಅವನದೇ ಮಾತು. ಇವರು ಅಂದು ಅತ್ತರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಮುಂದಿನ ವರ್ಷದಿಂದ ಪ್ರತಿ ಜುಲೈ 11ರಂದು ಗುಂಪಿನವರೆಲ್ಲ ಆ ಗೆಳೆಯನ ಮನೆಗೆ ಹೋಗಿ ಚಹ ಕುಡಿದು ಬರುವ ರೂಢಿ ಬೆಳೆಯಿತು.

2015ರಲ್ಲಿ ವಿಶೇಷ ನ್ಯಾಯಾಲಯವು ಹನ್ನೆರಡು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತ್ತು. 2025ರ ಜುಲೈ 21ರಂದು ಮುಂಬಯಿ ಉಚ್ಚ ನ್ಯಾಯಾಲಯವು, ಅಪರಾಧ ರುಜುವಾತಾಗಿಲ್ಲವೆಂದು, ಅವರೆಲ್ಲರನ್ನೂ ಖುಲಾಸೆಗೊಳಿಸಿತು. ಸರಕಾರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವಾರ ಭಕ್ತರು ದೂರವಾಣಿ ಮಾಡಿ, “ಹಂಗಾದ್ರ ಯಾರ್ ಮಾಡಿದ್ರೀ ಅಪ್ಪಾರ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ, ಈ ಸಲ ಉಪದೇಶವನ್ನೂ ಮಾಡಲಿಲ್ಲ.

ಆ ವರ್ಷವೂ ಚಹಕ್ಕೆ ಹೋಗಿದ್ದಿರೇನು ಎಂದು ಕೇಳಿದೆವು. ಹೋಗಿದ್ದರಂತೆ, ನಾಲ್ಕೇ ಜನ. ಗೆಳೆಯನ ತಾಯಿಗೆ ಈಗ ಕಣ್ಣು ಕಾಣುವುದಿಲ್ಲ. ದನಿ ಕೇಳಿಯೇ ಒಬ್ಬೊಬ್ಬರ ಹೆಸರು ಹೇಳಿದರಂತೆ.