ಮೊಳೆಯ ನೆರಳು

ನಕಲು ಎಂಬ ಶಬ್ದಕ್ಕೆ ಪಾಠಶಾಲೆಯಲ್ಲಿ ತಗಲಿದ ಕಳಂಕವು ಕಲೆಯ ಅಂಗಳದಲ್ಲಿ ತಗಲುವುದಿಲ್ಲವೆಂಬುದನ್ನು ನಾನು ಅರಿತದ್ದು ನಡುವಯಸ್ಸು ದಾಟಿದ ಮೇಲೆ. ಕುಮಟೆಯ ಗುಡಿಗಾರರ ಹುಡುಗನು ತಂದೆ ಕೊರೆದ ಬಳ್ಳಿಯನ್ನೇ ಮತ್ತೆ ಮತ್ತೆ ಕೊರೆದು ಕೈಪಳಗಿಸಿಕೊಳ್ಳುತ್ತಾನೆ. ಬಾಲಗೋಪಾಲನ ವೇಷದವನು ಗುರುವಿನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟೇ ಕುಣಿತವನ್ನು ಕಲಿಯುತ್ತಾನೆ. ರವಿವರ್ಮನಂತಹ ರವಿವರ್ಮನೂ, 1868ರಲ್ಲಿ ತಿರುವಾಂಕೂರಿಗೆ ಬಂದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರನು ತೈಲವರ್ಣದ ಮರ್ಮವನ್ನು ಹೇಳಿಕೊಡಲೊಲ್ಲದಿದ್ದಾಗ, ಅವನು ಬರೆಯುವುದನ್ನು ನೋಡುತ್ತ ನಿಂತೇ ಆ ವಿದ್ಯೆಯನ್ನು ವಶಮಾಡಿಕೊಂಡನು. ಹೀಗಿರಲು ಹೊನ್ನಾವರದ ಒಬ್ಬ ಗುಮಾಸ್ತನು ನಾಚುವುದೇಕೆ?

ಭಟ್ಕಳದ ನವಾಯತ ಸ್ನೇಹಿತರೊಬ್ಬರು ಪರದೇಶದಿಂದ ತಂದುಕೊಟ್ಟ ವರ್ಣಮುದ್ರಣವೊಂದು ನನ್ನಲ್ಲಿದ್ದಿತು: ಡಚ್ ಚಿತ್ರಕಾರ ವರ್ಮೀರನು ಸುಮಾರು 1660ರಲ್ಲಿ ಬರೆದ, ಹಾಲು ಹೊಯ್ಯುವ ಹೆಂಗಸಿನ ಚಿತ್ರ. ಮೂಲದ ಎತ್ತರ ಹೆಚ್ಚುಕಡಿಮೆ ಒಂದು ಮೊಳ. ಎಡಗಡೆ ಕಿಟಕಿ, ಮೇಜಿನ ಮೇಲೆ ರೊಟ್ಟಿ, ಮಣ್ಣಿನ ಪಾತ್ರೆಗೆ ಎಳೆಯಾಗಿ ಇಳಿಯುವ ಹಾಲು, ಹಿಂದೆ ಬರಿಯ ಸುಣ್ಣದ ಗೋಡೆ. ಅಡಿಗೆಮನೆಯ ಮೂಲೆಯಲ್ಲಿ ಹಲಗೆಯನ್ನು ನಿಲ್ಲಿಸಿ ಕುಂಚ ಹಿಡಿದೆನು.

ಆಷಾಢದ ಮಳೆಯಲ್ಲಿ ಅಗಸೆಯೆಣ್ಣೆ ಮುಗಿಯಿತು. ಕುಮಟೆಯ ಪೇಟೆಗೆ ಹೋಗಲು ಸೋಮಾರಿತನ. ಮನೆಯಲ್ಲೋ ತೆಂಗಿನೆಣ್ಣೆಯ ಡಬ್ಬಿ ತುಂಬಿದೆ. ಎಣ್ಣೆಯೆಂದರೆ ಎಣ್ಣೆಯಷ್ಟೆ ಎಂದು ಅದನ್ನೇ ಬಣ್ಣಕ್ಕೆ ಬೆರೆಸಿದೆನು. ವಾರ ಕಳೆಯಿತು, ಪಕ್ಷ ಕಳೆಯಿತು. ಹೆಂಗಸಿನ ನೀಲಿಯ ಸೆರಗುಬಟ್ಟೆ ಮುಟ್ಟಿದ ಬೆರಳಿಗೆಲ್ಲ ಅಂಟಿತು, ಇರುವೆಗಳು ಸಾಲುಗಟ್ಟಿ ಬಂದವು. ಘಟ್ಟದ ಮೇಲಿನವರು ಚಟ್ನಿಪುಡಿ ಕುಟ್ಟುವ ಆ ಅಗಸೆಯ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಪೊರೆಗಟ್ಟುವುದು. ನಮ್ಮ ತೆಂಗಿನೆಣ್ಣೆಗಾದರೋ ಆ ಗುಣವೇ ಇಲ್ಲವೆಂದು ತಿಳಿದದ್ದು ಆಮೇಲೆ. ಆಯಿ ಒಲೆಯ ಬಳಿಯಿಂದ ಒಮ್ಮೆ ಕತ್ತೆತ್ತಿ, “ತಮಾ, ತಿಂಗಳಾತು, ಇವಳ ಪಾತ್ರೆ ಇನ್ನೂವಾ ತುಂಬಿದ್ದಿಲ್ಯಾ?” ಎಂದಳು. ಉತ್ತರಿಸಲಾರದೆ ಎಲ್ಲವನ್ನೂ ಒರಸಿ, ಕುಮಟೆಯ ದಾರಿ ಹಿಡಿದೆನು.

ಎರಡನೆಯ ಸಲ ಹೆಂಗಸು ಹೇಗೋ ಕೈಗೆ ಬಂದಳು. ಸುಲಭವೆಂದು ಕಡೆಗೆ ಇರಿಸಿಕೊಂಡ ಗೋಡೆಯೇ ಕೈಕೊಟ್ಟಿತು. ಸುಣ್ಣವೆಂದಮೇಲೆ ಬಿಳಿಯೆಂದು ಬಳಿದರೆ ಗೋಡೆ ಹೋಗಿ ಕಾಗದವಾಯಿತು. ಭೂತಗನ್ನಡಿ ಹಿಡಿದು ನೋಡಿದಾಗಲೇ ಕಂಡದ್ದು: ಕಿಟಕಿಯ ಪಕ್ಕದಲ್ಲಿ ಗೋಡೆ ಮಸುಕು, ಕಿಟಕಿಯಿಂದ ದೂರವಾಗಿ ಹೆಂಗಸಿನ ಬೆನ್ನ ಹಿಂದೆ ಬೆಳಕು, ಅವಳ ಬೆಳಗಿದ ಮೈಗೆ ಕತ್ತಲೆಯೂ ನೆರಳಿನ ಮೈಗೆ ಬೆಳಕೂ ಹಿನ್ನೆಲೆಯಾಗುವಂತೆ ಆ ಧೂರ್ತನು ಹೂಡಿದ್ದನು. ಉದುರಿದ ಗಾರೆ, ಹಳೆಯ ಮೊಳೆಯ ತೂತುಗಳು, ಇನ್ನೂ ಕೀಳದ ಒಂದು ಮೊಳೆ, ಅದಕ್ಕೊಂದು ನೆರಳು!

ಅಂತಹ ಬಿಳುಪು ಮುದ್ರಣದಿಂದ ದಕ್ಕಲಿಲ್ಲ. ಬೇಸತ್ತು ತಲೆಯೆತ್ತಿದರೆ, ನಮ್ಮದೇ ಗೋಡೆ ಎದುರಿಗಿತ್ತು. ಚಿರೇಕಲ್ಲಿನ ಮೇಲೆ ಬಳಿದ ಸುಣ್ಣ. ಒಲೆಯ ಕಡೆ ಹೊಗೆಯ ಕಂದು, ನೀರಿನ ಹಂಡೆಯ ಕಡೆ ಪಾಚಿಯ ಸೋಂಕು. ನಡುವೆ, ಮಾಡಿನ ಹಂಚುಗಳಲ್ಲಿ ಕೂಡಿಸಿದ ಒಂದು ಗಾಜಿನ ಹಂಚಿನಿಂದ ಇಳಿದ ಬೆಳಕು. ನಲವತ್ತು ವರ್ಷ ಉಂಡೆದ್ದ ಆ ಕೋಣೆಯನ್ನು ಅಂದು ಮೊದಲು ನೋಡಿದೆನು. ನೋಡಿ ನೋಡಿ ಬಣ್ಣ ಕಲಸಿದೆನು.

ಚಿತ್ರ ಮುಗಿದ ಮೇಲೆ ಭಟ್ಕಳದ ಸ್ನೇಹಿತರು ಬಂದು ನೋಡಿ, ಎಲ್ಲವೂ ಸರಿಯೆಂದು ತಲೆದೂಗಿ, ಕಡೆಗೊಂದು ಕಡೆ ಬೆರಳಿಟ್ಟರು. ವರ್ಮೀರನ ಮೊಳೆಯ ನೆರಳು ಕಿಟಕಿಗೆ ಬೆನ್ನಾಗಿ ಬಲಕ್ಕೆ ಓರೆಯಾಗಿದೆ. ನನ್ನದು ನೆಟ್ಟಗೆ ಕೆಳಕ್ಕೆ ಇಳಿದಿದೆ. ಡಚ್ಚರ ಮನೆಯ ಮಾಡಿನಲ್ಲಿ ನಾನು ಗಾಜಿನ ಹಂಚು ಕೂಡಿಸಿಬಿಟ್ಟಿದ್ದೆನು.

ತಿದ್ದಲು ಕುಂಚವನ್ನು ಎತ್ತಿಕೊಂಡವನು, ಹಾಗೆಯೇ ಕೆಳಗಿಟ್ಟೆನು.